ಒಂದರಂತೆ ಇನ್ನೊಂದನ್ನು ಕಡೆಯುವುದು ಹೇಗೆ?

ಈ ಸಲ ಮರಗೆಲಸದ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವು. ಎಲ್ಲವೂ ಲೇತ್, ರೂಟರ್, ಹಳೆಯ ಮನೆಯ ಕಡೆದ ಕಂಬಗಳ ಸುತ್ತಲೇ ತಿರುಗುತ್ತವೆ. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರೂ ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬರಲಿ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ತೊಟ್ಟಿ ಮನೆ. ಉಪ್ಪರಿಗೆಯ ಕಟಾಂಜನದಲ್ಲಿರುವ ಕಿರುಗಂಬಗಳನ್ನು ಒರಲೆ ತಿಂದು ಹಾಳುಮಾಡಿದೆ. ಎರಡಡಿ ಎತ್ತರ, ಮೇಲೆ ಕೆಳಗೆ ಚೌಕ, ನಡುವೆ ಬಳೆ, ಕುತ್ತಿಗೆ, ಗಿಂಡಿಯಂಥ ಹೊಟ್ಟೆ. ಹೊಸದಾಗಿ ನಲವತ್ತರಷ್ಟು ಬೇಕು. ಪೇಟೆಯಲ್ಲಿ ವಿಚಾರಿಸಿದರೆ ಅವರಲ್ಲಿರುವ ಡಿಸೈನನ್ನೇ ಹಾಕಿಸಿಕೊಳ್ಳಿ ಎನ್ನುತ್ತಾರೆ. ನನ್ನ ಹತ್ತಿರ ಮರ ಕಡೆಯುವ ಸಣ್ಣ ಲೇತ್ ಇದೆ, ಟ್ರಿಮ್ಮರ್ ರೂಟರ್ ಇದೆ. ರೂಟರಿಗೆ ಜಿಗ್ ಕಟ್ಟಿಕೊಂಡರೆ ಎಲ್ಲವನ್ನೂ ಒಂದೇ ಅಳತೆಗೆ ಕಡೆಯಬಹುದಂತೆ. ಹೇಗೆ ಕಟ್ಟುವುದು, ತಿಳಿಸಿಕೊಡಿ.
— ಅಡಿಕೆ ಬೆಳೆಗಾರರು, ಕೊಪ್ಪ ತಾಲ್ಲೂಕು

ಉತ್ತರ: ಪೇಟೆಯ ಡಿಸೈನಿಗೆ ಒಪ್ಪದೆ ಇದ್ದದ್ದು ಒಳ್ಳೆಯದಾಯಿತು. ನಾಲ್ಕು ಹಳೆಯ ಕಂಬ ಉಳಿದಿದ್ದರೂ ಹೊಸವು ಅವುಗಳ ಜೊತೆಗೇ ನಿಲ್ಲಬೇಕು.

ನಿಮಗೆ ಐದಾರು ಮಾತ್ರ ಬೇಕಿದ್ದರೆ ಜಿಗ್ ಕಟ್ಟುವುದೇ ಬೇಡ ಎನ್ನುತ್ತಿದ್ದೆ. ಒಂದು ಪಟ್ಟಿಯ ಮೇಲೆ ಬಳೆ, ಕುತ್ತಿಗೆ, ಹೊಟ್ಟೆಗಳ ಜಾಗ ಗುರುತು ಮಾಡಿ, ಕ್ಯಾಲಿಪರ್ ಹಿಡಿದು ಉಳಿಯಲ್ಲೇ ಕಡೆದರೆ ಜಿಗ್ ಕಟ್ಟುವ ಹೊತ್ತಿಗೆ ಆರೂ ಮುಗಿದಿರುತ್ತವೆ. ನಲವತ್ತಕ್ಕೆ ಮಾತ್ರ ಕಟ್ಟುವುದೇ ಸರಿ.

ಇದರ ಹಿಂದಿನ ತತ್ತ್ವ ಹಳೆಯದು. ಅಮೆರಿಕದ ಥಾಮಸ್ ಬ್ಲಾಂಚರ್ಡ್ 1819ರಲ್ಲಿ ಬಂದೂಕಿನ ಮರದ ಹಿಡಿಯನ್ನು ನಕಲು ಮಾಡುವ ಲೇತಿಗೆ ಪೇಟೆಂಟ್ ಪಡೆದ. ಮಾದರಿಯನ್ನು ಸವರಿಕೊಂಡು ಹೋಗುವ ಚಕ್ರ ಒಂದು, ಮರ ಕಡಿಯುವ ಚಕ್ರ ಇನ್ನೊಂದು. ಎರಡೂ ಒಂದೇ ಅಳತೆಯವು. ಸವರುವ ಚಕ್ರ ಎಲ್ಲೆಲ್ಲಿ ಹೋಗುತ್ತದೋ ಕಡಿಯುವ ಚಕ್ರವೂ ಅಲ್ಲಲ್ಲೇ ಹೋಗುತ್ತದೆ. ನಿಮ್ಮ ಜಿಗ್ಗಿನ ಜೀವವೂ ಇಷ್ಟೇ: ಬಿಟ್ಟಿನ ಮೂತಿಯ ಆಕಾರ ಏನಿದೆಯೋ ಫರ್ಮಾವನ್ನು (ಕಂಬದ ಆಕಾರಕ್ಕೆ ಕತ್ತರಿಸಿದ ಮಾದರಿ ಪಟ್ಟಿಯನ್ನು) ಸವರುವ ಕಡ್ಡಿಯ ಮೂತಿಯೂ ಅದೇ ಆಕಾರ, ಅದೇ ದಪ್ಪ ಇರಬೇಕು. 12 ಮಿ.ಮೀ. ಗುಂಡು ಮೂತಿಯ ಬಿಟ್ ಹಾಕಿ, ಸವರಲು 6 ಮಿ.ಮೀ. ಮೊಳೆ ಇಟ್ಟರೆ ಬಳೆಗಳೆಲ್ಲ ಸಣ್ಣವಾಗುತ್ತವೆ, ಸಂದುಗಳೆಲ್ಲ ಅಗಲವಾಗುತ್ತವೆ. ಜಿಗ್ ಕಟ್ಟಿ ಕೈಬಿಟ್ಟವರಲ್ಲಿ ಬಹಳ ಜನ ಎಡವುವುದು ಇಲ್ಲಿಯೇ.

ಈಗ ಕಟ್ಟುವ ಕೆಲಸ. ಲೇತಿನಲ್ಲಿ ಉಳಿ ಆನಿಸುವ ರೆಸ್ಟ್ ತೆಗೆದು, ಆ ಜಾಗದಲ್ಲಿ ನಿಮ್ಮ ಕಡೆಗೆ 18 ಮಿ.ಮೀ. ಪ್ಲೈವುಡ್ಡಿನ ಗಟ್ಟಿ ಹಲಗೆ ಕೂರಿಸಿ, ಲೇತಿನ ಬೆಡ್ಡಿಗೇ ಬೋಲ್ಟ್ ಹಾಕಿ. ಅದರ ಮೇಲೆ ಲೇತಿನ ಅಕ್ಷಕ್ಕೆ ಸಮಾನಾಂತರವಾಗಿ ಎರಡು ರೈಲು. 16 ಮಿ.ಮೀ. ಲೀನಿಯರ್ ರೈಲು ತರಿಸಿಕೊಳ್ಳಲು ಸಾಧ್ಯವಾದರೆ ಅದೇ ಉತ್ತಮ. ಇಲ್ಲವಾದರೆ ಕಬ್ಬಿಣದ ಎಲ್-ಆಂಗಲನ್ನು ಬೆನ್ನು ಮೇಲಾಗಿ ಕೂರಿಸಿ ಅದರ ಮೇಲೆ ಗಾಡಿಯ ಬೇರಿಂಗ್ ಓಡಿಸಿ. ಈ ರೈಲಿನ ಮೇಲೆ ಎಡಬಲಕ್ಕೆ ಓಡಾಡುವುದು ಕೆಳಗಾಡಿ. ಕೆಳಗಾಡಿಯ ಮೇಲೆ, ಲೇತಿನತ್ತ ಮುಂದೆ ಹಿಂದೆ ಸರಿಯುವುದು ಮೇಲ್ಗಾಡಿ. ಡ್ರಾಯರಿಗೆ ಹಾಕುವ ಚಾನೆಲನ್ನೇ ಮೇಲ್ಗಾಡಿಗೆ ಬಳಸುವವರಿದ್ದಾರೆ. ಅಗ್ಗ, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಪೂರ್ತಿ ಎಳೆದಾಗ ಅಲ್ಲಾಡುತ್ತದೆ. ಹಾಕುವುದಾದರೆ ಉದ್ದದ್ದನ್ನೇ ತಂದು ಅರ್ಧದಷ್ಟು ಮಾತ್ರ ಎಳೆಯುವಂತೆ ಜೋಡಿಸಿ.

ರೂಟರ್ ಮೇಲ್ಗಾಡಿಯ ಮೇಲೆ ಮಲಗಿರುತ್ತದೆ, ಬಿಟ್ಟಿನ ತುದಿ ಲೇತಿನ ಅಕ್ಷಕ್ಕೆ ನೇರ ನೋಡುತ್ತಿರುತ್ತದೆ. ಎತ್ತರ ಹೊಂದಿಸಲು ಹೆಡ್‌ಸ್ಟಾಕಿನ ಸೆಂಟರ್ ಮೊನೆಗೆ ಒಮ್ಮೆ, ಟೈಲ್‌ಸ್ಟಾಕಿನ ಮೊನೆಗೆ ಒಮ್ಮೆ ಬಿಟ್ಟಿನ ತುದಿ ತಾಗಿಸಿ ನೋಡಿ. ಎರಡೂ ಕಡೆ ಮೊನೆಗೆ ಮೊನೆ ಕೂಡಬೇಕು. ತೆಳು ತಗಡಿನ ಚೂರು ಇಟ್ಟೋ ತೆಗೆದೋ ಇದನ್ನು ತಾಳ್ಮೆಯಿಂದ ಮುಗಿಸಿ, ಆಮೇಲೆ ಮುಂದಿನ ಕೆಲಸ.

ಸವರುವ ಕಡ್ಡಿಗೆ 12 ಮಿ.ಮೀ. ಬೋಲ್ಟ್ ಸಾಕು. ಬೋಲ್ಟನ್ನು ಡ್ರಿಲ್ಲಿಗೆ ಕಚ್ಚಿಸಿ ತಿರುಗಿಸುತ್ತಾ ಅರದಿಂದ ಅದರ ತುದಿಯನ್ನು ಅರ್ಧಗುಂಡು ಮಾಡಿ. 12 ಮಿ.ಮೀ. ಗುಂಡು ಮೂತಿಯ ಬಿಟ್ಟಿಗೆ ಅದು ಜೋಡಿಯಾಗುತ್ತದೆ. ಈ ಬೋಲ್ಟನ್ನು ಮೇಲ್ಗಾಡಿಗೆ ನಟ್ಟಿನಲ್ಲಿ ಕೂರಿಸಿದರೆ ಇನ್ನೊಂದು ಲಾಭವೂ ಇದೆ. ಬೋಲ್ಟ್ ಮುಂದೆ ಚಾಚಿದ್ದಷ್ಟೂ ಅದು ಫರ್ಮಾಕ್ಕೆ ಬೇಗ ತಾಗಿ ಬಿಟ್ಟನ್ನು ಮರದಿಂದ ದೂರ ನಿಲ್ಲಿಸುತ್ತದೆ. ಒಂದು ಸುತ್ತು ಹಿಂದಕ್ಕೆ ಬಿಚ್ಚಿದರೆ ಬಿಟ್ 1.75 ಮಿ.ಮೀ. ಒಳಗೆ ಹೋಗುತ್ತದೆ, ಏಕೆಂದರೆ ಸಾಮಾನ್ಯ 12 ಮಿ.ಮೀ. ಬೋಲ್ಟಿನ ಮರೆಯ ಅಂತರ ಅಷ್ಟೇ. ಒಂದು ಸಲಕ್ಕೆ ಒಂದೂವರೆ ಸುತ್ತಿಗಿಂತ ಹೆಚ್ಚು ಬಿಚ್ಚಬೇಡಿ. ಸಣ್ಣ ಟ್ರಿಮ್ಮರಿಗೆ ಅದಕ್ಕಿಂತ ಹೆಚ್ಚು ಹೊರೆ ಬೇಡ. ಕಡೆಯ ಸವರಿಕೆಗೆ ಅರ್ಧ ಸುತ್ತು ಸಾಕು.

ಮೇಲ್ಗಾಡಿಯನ್ನು ಸ್ಪ್ರಿಂಗೋ ರಬ್ಬರೋ ಹಾಕಿ ಮರದ ಕಡೆಗೆ ಎಳೆಯುವಂತೆ ಕಟ್ಟುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅದರ ಬದಲು ಹಿಂದಕ್ಕೆ, ನಿಮ್ಮ ಕಡೆಗೆ ಎಳೆಯುವಂತೆ ಸೈಕಲ್ ಟ್ಯೂಬ್ ಕಟ್ಟಿ. ಕೈಯಿಂದ ಒತ್ತಿದಾಗ ಮಾತ್ರ ಬಿಟ್ ಮುಂದೆ ಹೋಗಲಿ. ಮಲೆನಾಡಿನಲ್ಲಿ ಕರೆಂಟ್ ಹೋಗುವುದು, ಬರುವುದು ಹೇಳಿ ಕೇಳಿ ಆಗುವ ಕೆಲಸವಲ್ಲ. ಲೇತ್ ನಿಂತಾಗ, ಕೈ ಜಾರಿದಾಗ, ಯಾರೋ ಕರೆದರೆಂದು ನೀವು ತಿರುಗಿದಾಗ ಬಿಟ್ ತಾನಾಗಿ ಹಿಂದೆ ಬರಬೇಕು. ಕರೆಂಟ್ ಹೋದ ಕೂಡಲೇ ಎರಡೂ ಸ್ವಿಚ್ ಆರಿಸಿಬಿಡಿ.

ಇನ್ನು ಫರ್ಮಾ. ಜಿಗ್ಗಿಗಿಂತ ಹೆಚ್ಚು ಹೊತ್ತು ಇದಕ್ಕೇ ಹಿಡಿಯಬೇಕು. ಜಿಗ್ ಎಷ್ಟೇ ಚೆನ್ನಾಗಿದ್ದರೂ ಫರ್ಮಾದಲ್ಲಿ ಇಲ್ಲದ್ದನ್ನು ಮರಕ್ಕೆ ಕೊಡಲಾರದು. ನಿಮ್ಮ ಹಳೆಯ ಕಂಬಗಳನ್ನು ಸಾಲಾಗಿ ನೆಲದ ಮೇಲೆ ಮಲಗಿಸಿ ನೋಡಿ. ಕೈಯಲ್ಲಿ ಕಡೆದವು ಒಂದರಂತೆ ಒಂದು ಇರುವುದಿಲ್ಲ. ಅವುಗಳಲ್ಲಿ ಆಕಾರ ತೀರಾ ಸೊಗಸಾದದ್ದನ್ನು ಆರಿಸಿ, ಕೈಗೆ ಸಿಕ್ಕಿದ್ದನ್ನಲ್ಲ. ಹಳೆಯ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ. ವರ್ಷ ವರ್ಷ ಬಳಿದ ಪೇಂಟ್ ಸಂದುಗಳಲ್ಲಿ ತುಂಬಿಕೊಂಡು ಬಳೆಯ ಆಕಾರವನ್ನೇ ಮುಚ್ಚಿರುತ್ತದೆ. ಆಮೇಲೆ, ಬೇಸರವಾದರೂ ಹೇಳುತ್ತೇನೆ: ಒರಲೆ ತಿಂದು ಇನ್ನು ಬಳಕೆಗೆ ಬಾರದ, ಆದರೆ ಒಂದು ಮೈ ಚೆನ್ನಾಗಿ ಉಳಿದಿರುವ ಕಂಬವೊಂದನ್ನು ಉದ್ದಕ್ಕೆ ಸರಿಯಾಗಿ ನಡುವೆ ಸೀಳಿ. ಸೀಳಿದ ಮುಖವನ್ನು ಕಾಗದದ ಮೇಲಿಟ್ಟು ಚೂಪು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರೆ ನಿಜವಾದ ರೇಖೆಯೇ ಸಿಗುತ್ತದೆ. ಸೀಳಲು ಮನಸ್ಸು ಬಾರದಿದ್ದರೆ ಹತ್ತು ಹನ್ನೆರಡು ಅಡಿ ದೂರ ನಿಂತು ಮೊಬೈಲನ್ನು ಜೂಮ್ ಮಾಡಿ ಫೋಟೊ ತೆಗೆದು ನಿಜಗಾತ್ರಕ್ಕೆ ಪ್ರಿಂಟ್ ಹಾಕಿಸಿ. ಹತ್ತಿರದಿಂದ ತೆಗೆದರೆ ತುದಿಗಳ ಅಳತೆ ಕೆಡುತ್ತದೆ.

ಫರ್ಮಾಕ್ಕೆ ಎಂಡಿಎಫ್ ಬೇಡ. ನಿಮ್ಮ ಜುಲೈ ತಿಂಗಳಲ್ಲಿ ಅದು ಉಬ್ಬುತ್ತದೆ. ಪ್ಲೈವುಡ್ಡಿನ ಅಂಚಿನಲ್ಲಿ ಟೊಳ್ಳು ಸಿಕ್ಕಿದರೆ ಆ ಟೊಳ್ಳೂ ನಲವತ್ತು ಸಲ ನಕಲಾಗುತ್ತದೆ. 6 ಮಿ.ಮೀ. ಹೈಲಮ್ ಅಥವಾ ಅಕ್ರಿಲಿಕ್ ಶೀಟ್ ತನ್ನಿ. ಗೆರೆಗೆ ಅರ ಹಾಕಿ, ಬೆರಳಿನಲ್ಲಿ ಸವರಿ ನೋಡಿ. ಬೆರಳಿಗೆ ತಡೆಯುವುದೆಲ್ಲ ಮರದ ಮೇಲೂ ಕಾಣುತ್ತದೆ. ಫರ್ಮಾದ ಅಂಚು ಬೋಲ್ಟಿನ ನಡು ಎತ್ತರಕ್ಕೇ ಬರಬೇಕು. ಅದನ್ನು ಹಲಗೆಗೆ ಕೂರಿಸಿದ ಮೇಲೆ ನೇರ ಪಟ್ಟಿಯೊಂದನ್ನು ಅದರ ಜಾಗದಲ್ಲಿಟ್ಟು ಒಂದು ರದ್ದಿ ಮರವನ್ನು ಉರುಳೆಯಾಗಿ ಕಡೆದು ಎರಡೂ ತುದಿಯ ದಪ್ಪ ಅಳೆಯಿರಿ. ಒಂದು ಕಡೆ 50.0, ಇನ್ನೊಂದು ಕಡೆ 50.8 ಬಂದರೆ ಫರ್ಮಾ 0.4 ಮಿ.ಮೀ. ಓರೆಯಾಗಿದೆ ಎಂದರ್ಥ.

ವೇಗದ ವಿಷಯದಲ್ಲಿ ಕೈಯಲ್ಲಿ ಕಡೆದು ಅಭ್ಯಾಸವಾದವರು ಮೋಸಹೋಗುತ್ತಾರೆ. ಉಳಿಗೆ ಲೇತ್ ಜೋರಾಗಿ ತಿರುಗಬೇಕು. ಇಲ್ಲಿ ಕಡಿಯುವುದು ರೂಟರ್, ಲೇತ್ ಮರವನ್ನು ತೋರಿಸಿದರೆ ಸಾಕು. ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಎರಡು ಅಲಗಿನ ಬಿಟ್ ಆದರೆ 60,000 ಕಡಿತ. ಲೇತ್ 500 ಸುತ್ತಿನಲ್ಲಿದ್ದರೆ ಒಂದು ಸುತ್ತಿಗೆ 120 ಕಡಿತವಾಯಿತು. 50 ಮಿ.ಮೀ. ದಪ್ಪದ ಕಂಬದ ಸುತ್ತಳತೆ 157 ಮಿ.ಮೀ.; ಅಂದರೆ ಒಂದೊಂದು ಅಲಗೂ 1.3 ಮಿ.ಮೀ. ಕಚ್ಚುತ್ತದೆ. ನಾರು ಕಿತ್ತು ಬರುವುದು ಅದಕ್ಕೇ. 100 ಸುತ್ತಿಗೆ ಇಳಿಸಿದರೆ ಕಚ್ಚುವುದು ಕಾಲು ಮಿ.ಮೀ. ಮಾತ್ರ, ಮೈ ನುಣ್ಣಗೆ ಬರುತ್ತದೆ. ಸಣ್ಣ ಲೇತುಗಳು ಅಷ್ಟು ನಿಧಾನ ತಿರುಗುವುದಿಲ್ಲ. ದೊಡ್ಡ ಪುಲ್ಲಿ ಹಾಕಿ ಇನ್ನೊಂದು ಹಂತ ಇಳಿಸಬೇಕು, ಇಲ್ಲವೇ ಲೇತಿನ ಪ್ಲಗ್ ಕಿತ್ತು ಪುಲ್ಲಿಗೆ ಹಿಡಿ ಕೂರಿಸಿ ಇನ್ನೊಬ್ಬರು ಕೈಯಲ್ಲಿ ತಿರುಗಿಸಬೇಕು. ನಮ್ಮ ಹಿಂದಿನ ಕಡೆಸಲುಗಾರರು ಹಗ್ಗ ಎಳೆಸಿಕೊಂಡೇ ಕಡೆದವರು, ಈ ಕೆಲಸಕ್ಕೆ ಅವರ ವೇಗವೇ ಸರಿ.

ಗಾಡಿ ಎಡಬಲಕ್ಕೆ ಓಡಿಸುವ ವೇಗಕ್ಕೂ ಲೆಕ್ಕವಿದೆ. ಮರದ ಒಂದು ಸುತ್ತಿಗೆ ಗಾಡಿ 1 ಮಿ.ಮೀ. ಸರಿದರೆ 12 ಮಿ.ಮೀ. ಬಿಟ್ ಬಿಡುವ ಅಲೆಯ ಎತ್ತರ 0.02 ಮಿ.ಮೀ., ಅದು ಮರಳು ಕಾಗದಕ್ಕೆ ಹೋಗಿಬಿಡುತ್ತದೆ. 3 ಮಿ.ಮೀ. ಸರಿದರೆ ಅಲೆ 0.19 ಮಿ.ಮೀ. ಆಗುತ್ತದೆ. ಅದನ್ನು ಉಜ್ಜಲು ಹೊರಟರೆ ಬಳೆಯ ಅಂಚೆಲ್ಲ ಮೊಂಡಾಗುತ್ತದೆ. ಗಾಡಿಯನ್ನು ಎಲ್ಲೂ ನಿಲ್ಲಿಸಬೇಡಿ. ಗುಂಡು ಬಿಟ್ಟಿನ ತೀರಾ ತುದಿ ತಿರುಗಿದರೂ ಕಡಿಯುವುದಿಲ್ಲ, ಉಜ್ಜುತ್ತದೆ. ನಿಂತಲ್ಲಿ ಮರ ಸುಟ್ಟು ಕಪ್ಪಾಗುತ್ತದೆ.

ಚೌಕದ ಮರವನ್ನು ಜಿಗ್ಗಿನಲ್ಲೇ ಉರುಳೆ ಮಾಡಲು ಹೋಗಬೇಡಿ. ದೊಡ್ಡ ಗೌಜ್ ಉಳಿಯಲ್ಲಿ, ಹೊಟ್ಟೆಯ ದಪ್ಪಕ್ಕಿಂತ ಮೂರು ಮಿ.ಮೀ. ಹೆಚ್ಚು ಬಿಟ್ಟು ಉರುಟು ಮಾಡಿಕೊಂಡು ಆಮೇಲೆ ಜಿಗ್ ಹಚ್ಚಿ. ಮೇಲೆ ಕೆಳಗೆ ಚೌಕ ಉಳಿಯುವ ಜಾಗದಲ್ಲಿ ಮೊದಲೇ ಚೂಪು ಚಾಕುವಿನಿಂದ ನಾಲ್ಕೂ ಮೈಗೆ ಗೆರೆ ಕಡಿದು, ಭುಜವನ್ನು ಓರೆ ಬಾಯಿಯ ಉಳಿಯಲ್ಲಿ ಬಿಡಿಸಿ. ರೂಟರ್ ಚೌಕದ ಮೂಲೆ ಮುಟ್ಟಿದರೆ ಚಕ್ಕೆ ಹಾರುತ್ತದೆ. ಫರ್ಮಾದ ಎರಡೂ ಕೊನೆಗೆ ಗಟ್ಟಿ ತಡೆ ಹಾಕಿ, ಗಾಡಿ ಆ ಕಡೆಗೆ ಹೋಗದಂತೆ ಮಾಡಿ.

ಬಳೆಗಳ ನಡುವಿನ ಚೂಪು ಸಂದಿಗೆ 12 ಮಿ.ಮೀ. ಗುಂಡು ಹೋಗುವುದಿಲ್ಲ, ಹೋಗಲೂ ಬಾರದು. ಅದನ್ನು ಕೊನೆಯಲ್ಲಿ ಒಂದೊಂದು ಕಂಬಕ್ಕೂ ಉಳಿಯಲ್ಲೇ ಗೀರಿ. ಲೇತಿಗೆ ಮಾಮೂಲಿ ವೇಗ ಕೊಟ್ಟು ಎರಡು ನಿಮಿಷ ಹಿಡಿಯುವ ಕೆಲಸ. ಕಂಬಕ್ಕೆ ಜೀವ ಬರುವುದು ಆ ಎರಡು ನಿಮಿಷದಲ್ಲಿ. ಜಿಗ್ಗಿನಿಂದ ಇಳಿಸಿದ್ದನ್ನು ಹಾಗೇ ಪಾಲಿಶ್ ಮಾಡಿ ನಿಲ್ಲಿಸಿದರೆ ಎಲ್ಲ ಮೂಲೆಗಳೂ ಕರಗಿದಂತೆ ಕಾಣುತ್ತವೆ. ನೀವು ಪೇಟೆಯಲ್ಲಿ ನೋಡಿ ಬೇಡವೆಂದು ಬಂದದ್ದೂ ಅಂಥದ್ದೇ ಇರಬೇಕು.

ಕಡೆಯದಾಗಿ, ಯಾವ ಅಳತೆಗೆ ಹಠ ಹಿಡಿಯಬೇಕು? ದಪ್ಪದಲ್ಲಿ ಒಂದು ಮಿ.ಮೀ. ಹೆಚ್ಚುಕಡಿಮೆಯಾದರೆ ಸಾಲಿನಲ್ಲಿ ಯಾರಿಗೂ ಕಾಣುವುದಿಲ್ಲ. ಬಳೆಯ ಎತ್ತರ ಎರಡು ಮಿ.ಮೀ. ತಪ್ಪಿದರೆ ಮೆಟ್ಟಿಲು ಹತ್ತುವ ಮಗುವಿಗೂ ಕಾಣುತ್ತದೆ. ತರೀಕೆರೆ ಕಡೆಗೆ ಹೋದಾಗ ಅಮೃತಾಪುರದ ಅಮೃತೇಶ್ವರ ದೇವಸ್ಥಾನ ನೋಡಿ ಬನ್ನಿ. ಹೊಯ್ಸಳರ ಎರಡನೇ ವೀರಬಲ್ಲಾಳನ ಕಾಲದ್ದು, 1196ರದ್ದು. ಅಲ್ಲಿನ ತೆರೆದ ಮಂಟಪದಲ್ಲಿ ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು ಸಾಲುಗಟ್ಟಿವೆ. ಒಂದು ತುದಿಯಲ್ಲಿ ನಿಂತು ನೋಡಿದರೆ ಕಣ್ಣು ಕಂಬದಿಂದ ಕಂಬಕ್ಕೆ ಅದೇ ಎತ್ತರದ ಬಳೆಯನ್ನು ಹಿಡಿದು ಓಡುತ್ತದೆ. ಆದ್ದರಿಂದ ಪ್ರತಿ ಮರವನ್ನೂ ಲೇತಿಗೆ ಕಚ್ಚಿಸುವಾಗ ಕೆಳ ಚೌಕದ ಭುಜವು ಫರ್ಮಾದ ಒಂದೇ ಗುರುತಿಗೆ ಬರುವಂತೆ ಕೂರಿಸಿ. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಿದ್ದರೂ ಸಾಲು ಕೂಡುವುದಿಲ್ಲ.

ಪ್ರಶ್ನೆ: ನಾನು ಇಂಥದೇ ಜಿಗ್ ಮಾಡಿದ್ದೇನೆ. ದಪ್ಪ ಭಾಗವೆಲ್ಲ ಸರಿಯಾಗಿ ಬರುತ್ತದೆ. ಸಣ್ಣ ಕುತ್ತಿಗೆಗಳು ಮಾತ್ರ ಮಾದರಿಗಿಂತ ದಪ್ಪವಾಗುತ್ತವೆ. ಫರ್ಮಾವನ್ನು ಎರಡು ಸಲ ಬದಲಿಸಿದೆ, ಏನೂ ಉಪಯೋಗವಾಗಲಿಲ್ಲ.
— ಬಡಗಿ, ನರಸಿಂಹರಾಜಪುರ

ಉತ್ತರ: ಫರ್ಮಾ ಮುಟ್ಟಬೇಡಿ, ತೊಂದರೆ ರೂಟರಿನ ಎತ್ತರದಲ್ಲಿದೆ. ಬಿಟ್ಟಿನ ತುದಿ ಲೇತಿನ ಅಕ್ಷಕ್ಕಿಂತ ಮೇಲೋ ಕೆಳಗೋ ಇದ್ದರೆ ಅದು ಅಕ್ಷದ ಕಡೆಗೆ ನೇರ ಹೋಗದೆ ಪಕ್ಕದಲ್ಲಿ ಹಾದುಹೋಗುತ್ತದೆ. ಅಷ್ಟರಮಟ್ಟಿಗೆ ಮರ ಉಳಿದುಬಿಡುತ್ತದೆ. ಈ ಉಳಿಕೆ ದಪ್ಪ ಮರದಲ್ಲಿ ಕಡಿಮೆ, ತೆಳು ಮರದಲ್ಲಿ ಹೆಚ್ಚು.

ಲೆಕ್ಕ ಹಾಕಿಯೇ ತೋರಿಸುತ್ತೇನೆ. 12 ಮಿ.ಮೀ. ಗುಂಡು ಬಿಟ್ 3 ಮಿ.ಮೀ. ಎತ್ತರ ತಪ್ಪಿ ಕೂತಿದೆ ಎನ್ನೋಣ. 60 ಮಿ.ಮೀ. ದಪ್ಪದ ಹೊಟ್ಟೆ ಕಾಲು ಮಿ.ಮೀ. ಮಾತ್ರ ಹೆಚ್ಚು ಬರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅದೇ 12 ಮಿ.ಮೀ. ಕುತ್ತಿಗೆ ಮುಕ್ಕಾಲು ಮಿ.ಮೀ. ಹೆಚ್ಚು ಬರುತ್ತದೆ. ಕಣ್ಣಿಗೆ ಹೊಡೆಯುವುದು ಅದೇ. ಫರ್ಮಾವನ್ನು ಕುತ್ತಿಗೆಗೆ ಸರಿಮಾಡಿದರೆ ಹೊಟ್ಟೆ ಕೆಡುತ್ತದೆ, ಹೊಟ್ಟೆಗೆ ಸರಿಮಾಡಿದರೆ ಕುತ್ತಿಗೆ ಕೆಡುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದಂತೆ ಎರಡೂ ಸೆಂಟರ್ ಮೊನೆಗೆ ಬಿಟ್ ತಾಗಿಸಿ ಎತ್ತರ ಹೊಂದಿಸಿ.

ಎತ್ತರ ಸರಿಯಿದ್ದೂ ಕುತ್ತಿಗೆ ದಪ್ಪ ಬಂದರೆ ಇನ್ನೊಂದು ಕಾರಣವಿದೆ: ಮರ ಬಿಟ್ಟಿನ ಒತ್ತಡಕ್ಕೆ ಬಾಗುತ್ತಿದೆ. ಕುತ್ತಿಗೆ ಕಡೆಯುವಾಗ ಮರದ ಹಿಂಬದಿಗೆ ಬೆರಳು ಹತ್ತಿರ ತರಬೇಡಿ. ಲೇತ್ ನಿಲ್ಲಿಸಿ, ಹಿಂದಿನಿಂದ ಎರಡು ಚಕ್ರದ ಆಸರೆ ಕೊಟ್ಟು ಮತ್ತೆ ಓಡಿಸಿ ನೋಡಿ. ಹಳೆಯ ಸ್ಕೇಟಿಂಗ್ ಚಕ್ರ ಇದಕ್ಕೆ ಚೆನ್ನಾಗಿ ಒದಗುತ್ತದೆ. ಕುತ್ತಿಗೆಯನ್ನು ಎಲ್ಲಕ್ಕಿಂತ ಕೊನೆಗೆ ಇಳಿಸಿದರೆ ಅರ್ಧ ತೊಂದರೆ ಬರುವುದೇ ಇಲ್ಲ.

ಪ್ರಶ್ನೆ: ನಮ್ಮ ಜಗಲಿಯ ಮುಂಡಿಗೆಯೊಂದು ಬುಡದಲ್ಲಿ ಕೊಳೆತಿದೆ. ಎಂಟಡಿ ಎತ್ತರ. ಇದೇ ಜಿಗ್ಗಿನಲ್ಲಿ ಅದರ ಜೋಡಿ ಮಾಡಬಹುದೇ?
— ಓದುಗರು, ಜಯಪುರ

ಉತ್ತರ: ಬೇಡ. ಮಲೆನಾಡಿನ ಮುಂಡಿಗೆಯ ಸೊಬಗು ಇರುವುದು ಕೆತ್ತನೆಯಲ್ಲಿ. ಚೌಕ, ಎಂಟು ಮೂಲೆ, ಹದಿನಾರು ಮೂಲೆ ಎಂದು ಮಗ್ಗಲು ಬದಲಿಸುತ್ತ ಹೋಗುವ ಕೆಲಸ ಉಳಿ ಕೊಡತಿಯದ್ದು, ಲೇತಿನದ್ದಲ್ಲ. ಒಂದು ವೇಳೆ ನಿಮ್ಮದು ಪೂರ್ತಿ ದುಂಡಗೆ ಕಡೆದದ್ದೇ ಇದ್ದರೂ ಒಂಬತ್ತು ಅಂಗುಲ ದಪ್ಪ, ಎಂಟಡಿ ಉದ್ದದ ಸಾಗುವಾನಿ ಮರ ಅರವತ್ತೈದು ಕಿಲೋ ಹತ್ತಿರ ತೂಗುತ್ತದೆ. ಮನೆಯ ಲೇತಿನಲ್ಲಿ ಅದನ್ನು ತಿರುಗಿಸುವ ಯೋಚನೆಯನ್ನೇ ಬಿಡಿ. ಕೊಳೆತದ್ದು ಬುಡ ಮಾತ್ರವಾದರೆ ಇಡೀ ಮುಂಡಿಗೆ ಬದಲಿಸುವುದೂ ಬೇಡ. ಮೇಲಿನ ತೊಲೆಗೆ ಜಾಕ್ ಕೊಟ್ಟು, ಕೊಳೆತಷ್ಟನ್ನು ಕತ್ತರಿಸಿ, ಅದೇ ಜಾತಿಯ ಒಣಗಿದ ಮರದ ತುಂಡನ್ನು ಕಚ್ಚು ಹಾಕಿ ಕೂಡಿಸಬಲ್ಲ ಹಿರಿಯ ಬಡಗಿಗಳು ನಿಮ್ಮ ಸೀಮೆಯಲ್ಲಿದ್ದಾರೆ. ಅಂಥವರನ್ನು ಹುಡುಕಿ ಮಾಡಿಸಿ. ಬುಡಕ್ಕೆ ಕಲ್ಲಿನ ಪೀಠ ಇಲ್ಲದಿದ್ದರೆ ಈಗಲೇ ಹಾಕಿಸಿ, ನೆಲದ ತೇವ ಮತ್ತೆ ಏರದಿರಲಿ.

ಪ್ರಶ್ನೆ: ಶೃಂಗೇರಿಗೆ ಬರುವ ಯಾತ್ರಿಕರಿಗೆಂದು ಕುಂಕುಮ ಭರಣಿ ಕಡೆದು ಮಾರಬೇಕೆಂದಿದ್ದೇನೆ. ಚನ್ನಪಟ್ಟಣದ ಗೊಂಬೆಗಳ ಹಾಗೆ ಅರಗಿನ ಬಣ್ಣ ಹಾಕುವ ಆಸೆ. ರೂಟರ್ ಜಿಗ್ಗಿನಲ್ಲಿ ಕಡೆದರೆ ಅರಗು ಹಿಡಿಯುತ್ತದೆಯೇ?
— ಓದುಗರು, ಶೃಂಗೇರಿ

ಉತ್ತರ: ಹಿಡಿಯುತ್ತದೆ, ಆದರೆ ಎರಡು ಹಂತದಲ್ಲಿ. ಅರಗು ಹಾಕುವುದು ಬಣ್ಣ ಬಳಿದಂತಲ್ಲ. ಜೋರಾಗಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅದು ಕರಗಿ ಮರದ ಮೈಗೆ ಹತ್ತುತ್ತದೆ. ಆಮೇಲೆ ಕೇದಗೆ ಜಾತಿಯ ತಾಳೆ ಎಲೆಯನ್ನು ಒತ್ತಿ ಹಿಡಿದು ಅದನ್ನು ಸಮ ಮಾಡಿ ಹೊಳಪು ತರುತ್ತಾರೆ. ಜಿಗ್ಗಿನ ನೂರು ಸುತ್ತಿನ ವೇಗದಲ್ಲಿ ಅರಗು ಕರಗುವುದೇ ಇಲ್ಲ. ಆಕಾರವನ್ನು ಜಿಗ್ಗಿನಲ್ಲಿ ತೆಗೆದು, ರೂಟರ್ ಪಕ್ಕಕ್ಕಿಟ್ಟು, ಉಳಿಯಿಂದ ಒಂದು ತೆಳು ಪದರ ತೆಗೆದು, ಆಮೇಲೆ ವೇಗ ಏರಿಸಿ ಅರಗು ಹಚ್ಚಿ. ರೂಟರ್ ಬಿಟ್ಟ ಅಲೆಗಳು ಬರಿಗಣ್ಣಿಗೆ ಕಾಣದಿದ್ದರೂ ಹೊಳಪಿನ ಅರಗಿನಡಿ ಎದ್ದು ಕಾಣುತ್ತವೆ.

ನಿಜ ಹೇಳುವುದಾದರೆ ಭರಣಿಯಂಥ ಸಣ್ಣ ಸಾಮಾನಿಗೆ ಜಿಗ್ ಬೇಕೆಂದು ನನಗೆ ಅನ್ನಿಸುವುದಿಲ್ಲ. ಚನ್ನಪಟ್ಟಣದಲ್ಲಿ ಕೈಪಳಗಿದವರು ಹಾಲೆ ಮರದ ತುಂಡಿನಿಂದ ಒಂದೇ ಅಳತೆಯ ಸಾಮಾನನ್ನು ಸಾಲಾಗಿ ಇಳಿಸುತ್ತಾ ಹೋಗುತ್ತಾರೆ, ಅಳತೆಗೋಲು ಮುಟ್ಟುವುದು ಅಪರೂಪ. ಮುಚ್ಚಳ ಕೂರುವ ಬಾಯಿಯ ಅಳತೆ ಮಾತ್ರ ಕಟ್ಟುನಿಟ್ಟು. ಅದಕ್ಕೆ ಒಂದು ತಗಡಿನ ಗೇಜ್ ಕತ್ತರಿಸಿ ಇಟ್ಟುಕೊಳ್ಳಿ ಸಾಕು. ಒಂದು ಎಚ್ಚರಿಕೆ: ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ರಕ್ಷಣೆ ಇದೆ. ನಿಮ್ಮ ಭರಣಿಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಶೃಂಗೇರಿಯ ಭರಣಿ ಎಂದೇ ಮಾರಿ.

ಪ್ರಶ್ನೆ: ನಾವು ಸ್ವಸಹಾಯ ಸಂಘದ ಹೆಂಗಸರು ಸೇರಿ ಕಡಗೋಲು, ಲಟ್ಟಣಿಗೆ ಮಾಡಬೇಕೆಂದಿದ್ದೇವೆ. ಲೇತ್ ಕಲಿತಿದ್ದೇವೆ. ಕಡಗೋಲಿನ ತಲೆಯ ಸಂದುಗಳು ಒಂದು ಅಗಲ ಒಂದು ಸಣ್ಣ ಆಗುತ್ತವೆ. ಹಲಸಿನ ಮರ ನಮ್ಮಲ್ಲಿ ಬೇಕಾದಷ್ಟಿದೆ, ಅದನ್ನೇ ಬಳಸಬಹುದೇ?
— ಹರಿಹರಪುರದ ಸಂಘವೊಂದರ ಸದಸ್ಯೆ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ಜಿಗ್ಗಿನ ಇನ್ನೊಂದು ಒಳ್ಳೆಯ ಉಪಯೋಗ ನಿಮಗೇ ಇದೆ. ಸಂದು ತೆಗೆಯುವಾಗ ಲೇತ್ ತಿರುಗುವುದಿಲ್ಲ, ಲೇತಿನ ಪ್ಲಗ್ ಕಿತ್ತಿಡಬೇಕು. ಮರ ನಿಂತಿರುತ್ತದೆ, ರೂಟರಿನ ಗಾಡಿ ಮಾತ್ರ ತಲೆಯ ಉದ್ದಕ್ಕೆ ಓಡುತ್ತದೆ. ಹೆಡ್‌ಸ್ಟಾಕಿನ ಹಿಂದಿನ ಪುಲ್ಲಿಗೆ ಪ್ಲೈವುಡ್ಡಿನ ದುಂಡು ತಟ್ಟೆಯೊಂದನ್ನು ಕೂರಿಸಿ, ಅದರ ಅಂಚಿನಲ್ಲಿ ಸಮ ಅಂತರಕ್ಕೆ 24 ತೂತು ಕೊರೆಯಿರಿ. ಒಂದು ಮೊಳೆಯನ್ನು ತೂತಿಗೆ ಸಿಕ್ಕಿಸಿದರೆ ಮರ ಅಲ್ಲಾಡದೆ ನಿಲ್ಲುತ್ತದೆ. ಎಂಟು ಸಂದಿನ ಕಡಗೋಲಿಗೆ ಮೂರು ಮೂರು ತೂತು ದಾಟಿಸಿ, ಆರು ಸಂದಿಗೆ ನಾಲ್ಕು ನಾಲ್ಕು. ಒಂದು ಸಂದು ತೆಗೆದು, ಮೊಳೆ ಕಿತ್ತು, ತಿರುಗಿಸಿ, ಮತ್ತೆ ಸಿಕ್ಕಿಸಿ ಮುಂದಿನದು. ತಟ್ಟೆಯ ತೂತುಗಳನ್ನು ಕೋನಮಾಪಕ ಇಟ್ಟು 15 ಡಿಗ್ರಿಗೊಂದರಂತೆ ಗುರುತು ಮಾಡಿ. ತಟ್ಟೆ ದೊಡ್ಡದಾದಷ್ಟೂ ತಪ್ಪು ಕಡಿಮೆ.

ಲಟ್ಟಣಿಗೆಗೆ ಫರ್ಮಾವೂ ಬೇಡ, ನೇರ ಪಟ್ಟಿ ಸಾಕು. ಹಿಡಿಗಳನ್ನು ಕೈಯಲ್ಲೇ ಕಡೆಯಿರಿ.

ಹಲಸಿನ ಮರ ಲಟ್ಟಣಿಗೆಗೆ ಆಗಬಹುದು, ಕಡಗೋಲಿಗೆ ಬೇಡ. ಹಲಸಿನ ಮರದ ಕೆಚ್ಚಿನಲ್ಲಿ ಹಳದಿ ಬಣ್ಣವಿದೆ. ಬಟ್ಟೆಗೆ ಹಾಕುವ ಬಣ್ಣವನ್ನೇ ಹಿಂದೆ ಅದರಿಂದ ತೆಗೆಯುತ್ತಿದ್ದರು. ಹೊಸ ಕಡಗೋಲು ಮಜ್ಜಿಗೆಗೆ ಇಳಿದರೆ ಬಣ್ಣ ಬಿಡುತ್ತದೆ, ಕೊಂಡವರು ಮತ್ತೆ ಬರುವುದಿಲ್ಲ. ಬಿಳಿಯ, ನಾರು ನುಣ್ಣಗಿರುವ ಹಾಲೆ ಮರ ಸಿಕ್ಕರೆ ಬಿಡಬೇಡಿ. ಅಡುಗೆಮನೆಯ ಸಾಮಾನಿಗೆ ವಾರ್ನಿಷ್ ಬೇಡವೇ ಬೇಡ. ಇನ್ನು ಸೆರಗು, ಬಳೆ, ಜಡೆ ಇವುಗಳ ಬಗ್ಗೆ ಅಣ್ಣನ ಹಾಗೆ ಹೇಳುತ್ತೇನೆ: ಸೆರಗಿನ ಮೇಲೆ ಗುಂಡಿ ಹಾಕುವ ಕೋಟು ತೊಟ್ಟು, ಜಡೆ ಮೇಲೆತ್ತಿ ಕಟ್ಟಿ, ಬಳೆ ಕಳಚಿಟ್ಟೇ ಲೇತ್ ಮುಂದೆ ನಿಲ್ಲಿ. ಮುಖಕ್ಕೆ ಪಾರದರ್ಶಕ ಗುರಾಣಿ, ಮೂಗಿಗೆ ಮಾಸ್ಕ್ ತಪ್ಪಬಾರದು. ರೂಟರ್ ಎಬ್ಬಿಸುವ ಧೂಳು ಉಳಿಯ ಹೊಟ್ಟಿಗಿಂತ ಬಹಳ ನುಣುಪು, ಶ್ವಾಸಕೋಶಕ್ಕೆ ನೇರ ಇಳಿಯುತ್ತದೆ.

ಪ್ರಶ್ನೆ: ಕಾಫಿ ತೋಟದ ಸಿಲ್ವರ್ ಓಕ್ ಮರ ಕಡೆಯಲು ಆಗುತ್ತದೆಯೇ? ಗಾಳಿಗೆ ಬಿದ್ದ ಬೀಟೆಯ ಕೊಂಬೆಯೂ ಒಂದಿದೆ. ಮಳೆಗಾಲದಲ್ಲಿ ಬಿಡುವಿರುವುದರಿಂದ ಆಗಲೇ ಕೆಲಸ ಶುರುಮಾಡಬೇಕೆಂದಿದ್ದೇನೆ.
— ಕಾಫಿ ಬೆಳೆಗಾರರು, ಬಾಳೆಹೊನ್ನೂರು

ಉತ್ತರ: ಸಿಲ್ವರ್ ಓಕ್ ಕಡೆಯಬಹುದು. ಕಡೆದಾಗ ಮೈಮೇಲೆ ಚುಕ್ಕಿ ಚುಕ್ಕಿಯ ಹೊಳಪು ಬರುತ್ತದೆ, ನೋಡಲು ಚೆನ್ನ. ಆದರೆ ಬಿಟ್ ಮೊಂಡಾದರೆ ಆ ಚುಕ್ಕಿಗಳೇ ಕಿತ್ತು ಬರುತ್ತವೆ, ಹೊಸ ಬಿಟ್ ಹಾಕಿ. ಹೊರಗೆ ಮಳೆ ಬಡಿಯುವ ಜಾಗಕ್ಕೆ ಈ ಮರ ಬೇಡ, ಒಳಗಿನ ಕಟಾಂಜನಕ್ಕೆ ಅಡ್ಡಿಯಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡವೆಂದು ಬಿಟ್ಟಿರುವ ಮರಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಇದೆ. ಬೀಟೆಯ ವಿಷಯ ಹಾಗಲ್ಲ. ನಿಮ್ಮ ಜಾಗದಲ್ಲಿ ತಾನಾಗಿ ಬಿದ್ದದ್ದೇ ಆದರೂ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಕಾಗದ ಮಾಡಿಸಿಕೊಂಡೇ ಮುಟ್ಟಿ. ಅದರ ಧೂಳು ಹಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ, ಅದೂ ನೆನಪಿರಲಿ.

ಮಳೆಗಾಲದ ಕೆಲಸಕ್ಕೆ ಮಾತ್ರ ನನ್ನ ಒಪ್ಪಿಗೆ ಅರ್ಧ. ಗಾಳಿಯ ತೇವಾಂಶ ಶೇ 85ರಲ್ಲಿ ನಿಂತರೆ ಒಣಗಿದ ಮರವೂ ಶೇ 18ರ ಹತ್ತಿರ ತೇವ ಹೀರಿಕೊಳ್ಳುತ್ತದೆ; ಗಾಳಿ ಶೇ 60ಕ್ಕೆ ಇಳಿದರೆ ಮರದ ತೇವ ಶೇ 11ಕ್ಕೆ ಬರುತ್ತದೆ. ಇಷ್ಟು ಏರಿಳಿತಕ್ಕೆ ಸಾಗುವಾನಿಯಂಥ ನಿಧಾನದ ಮರವೇ 50 ಮಿ.ಮೀ. ದಪ್ಪದಲ್ಲಿ ಅರ್ಧ ಮಿ.ಮೀ. ಕುಗ್ಗುತ್ತದೆ, ಅದೂ ಒಂದು ಮಗ್ಗುಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಹತ್ತು ಕಂಬ ಆಗಸ್ಟಿನಲ್ಲಿ, ಉಳಿದ ಮೂವತ್ತು ಮಾರ್ಚಿನಲ್ಲಿ ಕಡೆದರೆ ಒಂದೇ ಫರ್ಮಾದಿಂದ ಬಂದವೂ ಎರಡು ಅಳತೆಯವಾಗುತ್ತವೆ. ಮಳೆಗಾಲದಲ್ಲಿ ಜಿಗ್ ಕಟ್ಟಿ, ಫರ್ಮಾ ಮಾಡಿ, ರದ್ದಿ ಮರದಲ್ಲಿ ಕೈ ಪಳಗಿಸಿಕೊಳ್ಳಿ. ನಿಜವಾದ ಮರವನ್ನು ಚೌಕಕ್ಕೆ ಕೊಯ್ಸಿ, ಎರಡೂ ಕೊನೆಗೆ ಹಳೆಯ ಪೇಂಟ್ ದಪ್ಪಗೆ ಬಳಿದು, ನಡುವೆ ರೀಪರ್ ಕೊಟ್ಟು ಅಟ್ಟದ ಮೇಲೆ ಜೋಡಿಸಿಡಿ. ಅಡುಗೆ ಒಲೆಯ ಮೇಲಿನ ಅಟ್ಟವಾದರೆ ಇನ್ನೂ ಒಳ್ಳೆಯದು. ಕೊನೆಗೆ ಬಣ್ಣ ಬಳಿಯದೆ ಇಟ್ಟರೆ ಅಲ್ಲಿಂದಲೇ ಬೇಗ ಒಣಗಿ ಬಿರುಕು ಬಿಡುತ್ತದೆ. ಹಾಗಾಗಿ ಬೇಕಾದ ಉದ್ದಕ್ಕಿಂತ ಎರಡೂ ಕಡೆ ಎರಡೆರಡು ಅಂಗುಲ ಹೆಚ್ಚೇ ಕೊಯ್ಸಿ. ಹಸಿ ಮರವಾದರೆ ಅಂಗುಲ ದಪ್ಪಕ್ಕೆ ಒಂದು ವರ್ಷದ ಲೆಕ್ಕ ಹಿಡಿದು ಒಣಗಿಸಿ.